ನೀವು ಯಾರ ಪೈಕಿ?

ಹಂಸಭಾವಿಯಲ್ಲಿ ಬಸ್ಸಿನಿಂದಿಳಿದು ಯಾರದಾದರೊಂದು ಮನೆಯ ಕಟ್ಟೆಯ ಮೇಲೆ ಕುಳಿತಿರೆಂದು ಇಟ್ಟುಕೊಳ್ಳಿರಿ. ಮನೆಯವರು ಮೊದಲು ಒಂದು ತಂಬಿಗೆ ನೀರು ತಂದಿಡುತ್ತಾರೆ. ನೀವು ನೀರು ಕುಡಿದು ತಂಬಿಗೆಯನ್ನು ಕೆಳಗಿಡುವಷ್ಟರಲ್ಲಿಯೇ ಎರಡು ಪ್ರಶ್ನೆಗಳು ಬರುತ್ತವೆ. “ಯಾವೂರಾತ್ರೀ?” ಎಂಬುದು ಮೊದಲನೆಯದು. “ಯಾರ ಪೈಕಿ?” ಎಂಬುದು ಎರಡನೆಯದು. ಹೆಸರನ್ನು ಆಮೇಲೆ ಕೇಳಿದರೆ ಕೇಳಿದರು, ಇಲ್ಲದಿದ್ದರೆ ಇಲ್ಲ. ಪಟ್ಟಣದಲ್ಲಿರುವ ನಾವು ಇದನ್ನು ಹಳ್ಳಿಯವರ ಕುತೂಹಲವೆಂದು ನಕ್ಕುಬಿಡುವುದುಂಟು. ಆದರೆ ನಾವು ಮಾಡುವುದಾದರೂ ಬೇರೇನು? ರೈಲಿನಲ್ಲಿ ಎದುರಿಗೆ ಕುಳಿತವರನ್ನು “ಎಲ್ಲಿ ಕೆಲಸದಲ್ಲಿದ್ದೀರಿ?” ಎಂದು ಕೇಳುತ್ತೇವೆ. ಬ್ಯಾಂಕು, ರೇಲ್ವೆ, ಕಾಲೇಜು ಎಂದು ಉತ್ತರ ಬಂದೊಡನೆ ಆ ಮನುಷ್ಯನನ್ನು ಅರ್ಧ ಅರಿತುಕೊಂಡವರಂತೆ ಸಮಾಧಾನದಿಂದ ಹಿಂದಕ್ಕೆ ಒರಗುತ್ತೇವೆ.

‘ಪೈಕಿ’ ಎಂಬ ಶಬ್ದವನ್ನು ಸ್ವಲ್ಪ ಗಮನಿಸಬೇಕು. ಮರಾಠಿಯ ಮೂಲಕ ನಮ್ಮ ಕಚೇರಿಗಳಿಗೂ ಮನೆಗಳಿಗೂ ಬಂದ ಶಬ್ದವಿದು. ಹೊಲದ ಉತಾರವನ್ನು ತೆಗೆದು ನೋಡಿದರೆ ಇಂಥ ಸರ್ವೆ ನಂಬರಿನ ‘ಪೈಕಿ’ ಇಷ್ಟು ಎಕರೆ, ಇಷ್ಟು ಗುಂಟೆ ಎಂದು ಬರೆದಿರುತ್ತದೆ. ದೊಡ್ಡದೊಂದು ಹೊಲದಲ್ಲಿ ಒಂದು ತುಂಡು ಎಂದರ್ಥ. ಮನುಷ್ಯನನ್ನೂ ನಾವು ಅದೇ ಶಬ್ದದಿಂದ ಕೇಳುತ್ತೇವೆ: ನೀನು ಯಾವ ಹೊಲದ ತುಂಡು? ಈ ಪ್ರಶ್ನೆಗೆ ಬೇಸರಪಡುವವರು ಕೂಡ, ಯಾರೂ ಕೇಳದಿರುವಾಗ, ತಮ್ಮನ್ನು ತಾವೇ ಹೀಗೆ ಕೇಳಿಕೊಳ್ಳುತ್ತಿರುತ್ತಾರೆ. ಅಮೆರಿಕೆಯ ವಿಲಿಯಂ ಜೇಮ್ಸನು 1890ರಲ್ಲಿ ಪ್ರಕಟಿಸಿದ ತನ್ನ ಮಾನಸಶಾಸ್ತ್ರದ ಗ್ರಂಥದಲ್ಲಿ, ಒಬ್ಬ ಮನುಷ್ಯನು ಎಷ್ಟು ಬಗೆಯ ಜನರ ಅಭಿಪ್ರಾಯಕ್ಕೆ ಬೆಲೆ ಕೊಡುತ್ತಾನೋ ಅವನೊಳಗೆ ಅಷ್ಟು ‘ನಾನು’ಗಳಿರುತ್ತವೆ ಎಂಬರ್ಥದ ಮಾತನ್ನು ಹೇಳಿದ್ದಾನೆ. ಪಂಡಿತರ ಈ ಮಾತು ನನಗೆ ಅರ್ಥವಾದದ್ದು ನಮ್ಮ ಅಜ್ಜಿಯಿಂದ. ಆದ್ದರಿಂದ ಅವಳ ಸಂಗತಿಯನ್ನೇ ಮೊದಲು ಹೇಳುತ್ತೇನೆ.

ಹಂಸಭಾವಿ ಇರುವುದು ಹಿರೇಕೆರೂರ ತಾಲೂಕಿನಲ್ಲಿ. ಈಗ ಅದು ಹಾವೇರಿ ಜಿಲ್ಲೆ. 1997ರ ವರೆಗೆ ಧಾರವಾಡ ಜಿಲ್ಲೆ. 1956ರ ಅಕ್ಟೋಬರದ ಕೊನೆಯ ವರೆಗೆ ಮುಂಬಯಿ ರಾಜ್ಯ. ತಾಲೂಕಿನ ದಕ್ಷಿಣಕ್ಕೆ ಹತ್ತಿಕೊಂಡೇ ಇರುವ ಶಿಕಾರಿಪುರ ತಾಲೂಕು ಮೈಸೂರು ಮಹಾರಾಜರದು. ಕುಮುದ್ವತಿ ಹೊಳೆ ಆ ಕಡೆಯಿಂದಲೇ ಈ ಕಡೆಗೆ ಹರಿದು ಬರುತ್ತದೆ. ಅತ್ತಲೂ ಕನ್ನಡ, ಇತ್ತಲೂ ಕನ್ನಡ. ಹೆಣ್ಣು ಕೊಟ್ಟು ತರುವುದು ಉಂಟು. ಚಕ್ಕಡಿ ಹೂಡಿದರೆ ಒಂದು ದಿನದ ದಾರಿ. ಆದರೂ ನಮ್ಮವರು ಶಿರಾಳಕೊಪ್ಪಕ್ಕೆ ಹೊರಟರೆ “ಮೈಸೂರ ಸೀಮೆಗೆ ಹೋಗಿ ಬರತೇನಿ” ಎಂದೇ ಹೇಳುತ್ತಿದ್ದರು, ಯಾವುದೋ ಸಮುದ್ರದಾಚೆಯ ದೇಶಕ್ಕೆ ಹೊರಟವರ ಹಾಗೆ. ಅಲ್ಲಿ ಅಮಲ್ದಾರ, ಇಲ್ಲಿ ಮಾಮಲೇದಾರ. ಅಲ್ಲಿ ಶಾನುಭೋಗ, ಇಲ್ಲಿ ಕುಲಕರ್ಣಿ. ಅಲ್ಲಿ ಪಟೇಲ, ಇಲ್ಲಿ ಗೌಡ.

ನಮ್ಮ ಅಜ್ಜಿ ಆ ಸೀಮೆಯವಳು. ಮದುವೆಯಾಗಿ ಬರುವಾಗ ತವರಿನಿಂದ ನಾಲ್ವಡಿ ಕೃಷ್ಣರಾಜ ಒಡೆಯರ ಪಟವೊಂದನ್ನು ಸೀರೆಯಲ್ಲಿ ಸುತ್ತಿಕೊಂಡು ತಂದಿದ್ದಳಂತೆ. ನಮ್ಮ ಪಡಸಾಲೆಯಲ್ಲಿ ಆಗ ಇದ್ದದ್ದು ಗಾಂಧೀಜಿಯವರ ಪಟ. ಅದರ ಪಕ್ಕದಲ್ಲಿ ಇದನ್ನೂ ತೂಗುಹಾಕಿದರು. ಅದೇ ಜಾತಿ, ಅದೇ ಮನೆದೇವರು, ಅದೇ ಭಾಷೆ. ಆದರೂ ಬಂದ ಮೊದಲನೆಯ ವಾರದಲ್ಲಿಯೇ ಅವಳಿಗೆ ‘ಮೈಸೂರಾಕಿ’ ಎಂದು ಹೆಸರು ಬಿದ್ದಿತು. ತವರುಮನೆಗೆ ಹೋದಾಗ ಅಲ್ಲಿಯ ಓರಗೆಯವರು ಅವಳ ಮಾತನ್ನು ಕೇಳಿ “ಮುಂಬೈನವಳು ಬಂದಳು” ಎಂದು ಹಾಸ್ಯ ಮಾಡುತ್ತಿದ್ದರು. ಮುಂಬಯಿ ಶಹರವನ್ನು ಅವಳು ಜನ್ಮದಲ್ಲಿ ಕಂಡವಳಲ್ಲ! ಆದರೆ ಒಂದು ವಿಷಯ. ತವರಿನಲ್ಲಿದ್ದಾಗ ಅವಳಿಗೆ ತಾನು ಮೈಸೂರಿನವಳೆಂಬ ವಿಚಾರ ಬಂದದ್ದೇ ಇಲ್ಲವಂತೆ. ಹಂಸಭಾವಿಗೆ ಬಂದ ಮೇಲೆಯೇ ಅವಳು ಮೈಸೂರಿನವಳಾದಳು. ಸಿಟ್ಟು ಬಂದಾಗ ಬೇಕೆಂದೇ ತನ್ನ ಸೀಮೆಯ ಮಾತುಗಳನ್ನಾಡುತ್ತಿದ್ದಳು. “ನಮ್ಮಲ್ಲಿ ಹೀಗಿಲ್ಲ” ಎಂಬ ಮಾತು ದಿನಕ್ಕೆ ನಾಲ್ಕು ಸಲ ಬರುತ್ತಿತ್ತು.

ಗೆರೆಯ ಈ ಕಡೆಯವರು, ಆ ಕಡೆಯವರು ಎಂಬ ಭಾವನೆ ಮನಸ್ಸಿನೊಳಗೆ ಇಳಿಯುವುದಕ್ಕೆ ಏನು ಬೇಕು? ಬೇರೆ ರಕ್ತ, ಬೇರೆ ಮತ, ಹಳೆಯ ಹಗೆ, ಇಂಥದೇನಾದರೂ ಬೇಕೆಂದು ಬಹುಕಾಲ ವಿದ್ವಾಂಸರು ಎಣಿಸಿದ್ದರು. ಅದೇನೂ ಬೇಕಾಗಿಲ್ಲ, ಬರೀ ಗೆರೆಯೇ ಸಾಕು ಎಂದು ತೋರಿಸಿಕೊಟ್ಟವನು ಹೆನ್ರಿ ಟಾಜ್ಫೆಲ್ ಎಂಬ ಮಾನಸಶಾಸ್ತ್ರಜ್ಞ. ಇಂಗ್ಲೆಂಡಿನ ಬ್ರಿಸ್ಟಲ್ಲಿನಲ್ಲಿ ಅವನು ನಡೆಸಿದ ಪ್ರಯೋಗ 1970ರಲ್ಲಿ ಪ್ರಕಟವಾಯಿತು. ಒಂದೇ ಶಾಲೆಯ, ಒಬ್ಬರನ್ನೊಬ್ಬರು ಬಲ್ಲ, ಹದಿನಾಲ್ಕು ಹದಿನೈದು ವಯಸ್ಸಿನ ಹುಡುಗರನ್ನು ಕರೆದು, ಪರದೆಯ ಮೇಲೆ ಚುಕ್ಕೆಗಳನ್ನು ಕ್ಷಣಮಾತ್ರ ತೋರಿಸಿ, ಎಷ್ಟಿದ್ದವೆಂದು ಅಂದಾಜು ಮಾಡಿರೆಂದನು. ಆಮೇಲೆ, ಹೆಚ್ಚು ಎಣಿಸುವವರ ಗುಂಪಿಗೆ ನೀನು, ಕಡಿಮೆ ಎಣಿಸುವವರ ಗುಂಪಿಗೆ ನೀನು ಎಂದು ಒಬ್ಬೊಬ್ಬನಿಗೂ ಗುಟ್ಟಾಗಿ ಹೇಳಿದನು. ನಿಜವಾಗಿ ನೋಡಿದರೆ ಚುಕ್ಕೆಗಳಿಗೂ ಈ ವಿಂಗಡಣೆಗೂ ಸಂಬಂಧವೇ ಇರಲಿಲ್ಲ, ಮನಬಂದಂತೆ ಹಂಚಿದ್ದು. ಇನ್ನೊಮ್ಮೆ ಕ್ಲೇ ಮತ್ತು ಕಾಂಡಿನ್‌ಸ್ಕಿ ಎಂಬ ಇಬ್ಬರು ಚಿತ್ರಕಾರರಲ್ಲಿ ಯಾರ ಚಿತ್ರ ಹಿಡಿಸಿತೆಂಬುದರ ಮೇಲೆ ಗುಂಪು ಮಾಡಿದಂತೆ ನಟಿಸಿದನು.

ಬಳಿಕ ಹುಡುಗರ ಕೈಗೆ ಕೋಷ್ಟಕಗಳನ್ನು ಕೊಟ್ಟು, ಬೇರೆ ಇಬ್ಬರು ಹುಡುಗರಿಗೆ ಹಣ ಹಂಚಲು ಹೇಳಿದನು. ಅವರು ಯಾರೆಂಬುದು ತಿಳಿಯದು. ಒಂದು ಅಂಕೆ ಮತ್ತು ಗುಂಪಿನ ಹೆಸರು ಮಾತ್ರ ಕಾಣುತ್ತದೆ. ಹಂಚುವವನಿಗೆ ತನ್ನ ಹಂಚಿಕೆಯಿಂದ ಒಂದು ಕಾಸೂ ಇಲ್ಲ. ಆದರೂ ಹುಡುಗರು ತಮ್ಮ ಗುಂಪಿನವನಿಗೆ ಹೆಚ್ಚು ಕೊಟ್ಟರು. ಅಷ್ಟಾದರೆ ಸೋಜಿಗವಿಲ್ಲ. ತಮ್ಮವನಿಗೆ ಸ್ವಲ್ಪ ಕಡಿಮೆ ಸಿಕ್ಕರೂ ಚಿಂತೆಯಿಲ್ಲ, ಆ ಗುಂಪಿನವನಿಗಿಂತ ಹೆಚ್ಚು ಸಿಗಬೇಕು ಎಂಬ ಕಡೆಗೇ ಅವರ ಕೈ ಒಲಿಯಿತು. ಲಾಭಕ್ಕಿಂತ ಅಂತರ ಮುಖ್ಯವಾಯಿತು. ಒಂದು ಗಂಟೆಯ ಹಿಂದೆ ಇಲ್ಲದ ಗುಂಪು ಅದು! ಸಂತೆಯಲ್ಲಿ ನೆರೆಯವನ ಜೋಳಕ್ಕೆ ತನ್ನದಕ್ಕಿಂತ ಒಂದು ರೂಪಾಯಿ ಹೆಚ್ಚು ಬಂದರೆ, ತನಗೆ ಒಳ್ಳೆಯ ಧಾರಣೆಯೇ ಸಿಕ್ಕಿದ್ದರೂ ಊಟ ಸೇರದವರನ್ನು ಕಂಡವರಿಗೆ ಇದು ತೀರ ಹೊಸದಲ್ಲ.

ಟಾಜ್ಫೆಲ್ಲನಿಗೆ ಈ ವಿಷಯವೇ ಏಕೆ ಬೇಕಾಯಿತೆಂಬುದನ್ನು ಹೇಳದೆ ಮುಂದೆ ಹೋಗಲಾರೆ. 1919ರಲ್ಲಿ ಪೋಲೆಂಡಿನ ಯಹೂದಿ ಮನೆತನದಲ್ಲಿ ಹುಟ್ಟಿ, ಓದಲು ಫ್ರಾನ್ಸಿಗೆ ಹೋದವನು. ಯುದ್ಧ ಬಂದಾಗ ಫ್ರೆಂಚ್ ಸೈನ್ಯ ಸೇರಿದನು. 1940ರಲ್ಲಿ ಜರ್ಮನರ ಕೈಗೆ ಸೆರೆಸಿಕ್ಕನು. ಯಹೂದಿಯೆಂಬುದನ್ನು ಅವನು ಮುಚ್ಚಿಡಲಿಲ್ಲ, ಆದರೆ ಪೋಲೆಂಡಿನವನೆಂಬುದನ್ನು ಮುಚ್ಚಿಟ್ಟನು. ಫ್ರೆಂಚ್ ಸೈನಿಕನೆಂದು ಬರೆದುಕೊಂಡದ್ದರಿಂದ ಯುದ್ಧಕೈದಿಯಾಗಿ ಉಳಿದನು. ಪೋಲೆಂಡಿನ ಯಹೂದಿಯೆಂದು ತಿಳಿದಿದ್ದರೆ ಉಳಿಯುವಂತಿರಲಿಲ್ಲ. ಬಿಡುಗಡೆಯಾಗಿ ಬಂದು ನೋಡಿದರೆ ಅವನ ಬಳಗದಲ್ಲಿ ಬಹುಮಟ್ಟಿಗೆ ಯಾರೂ ಬದುಕಿರಲಿಲ್ಲ. ಅವನ ಗುಣ, ವಿದ್ಯೆ, ಮನಸ್ಸು ಯಾವುದೂ ಅಲ್ಲಿ ಲೆಕ್ಕಕ್ಕೆ ಬರಲಿಲ್ಲ. ಯಾರ ಪೈಕಿ ಎಂಬ ಒಂದೇ ಪ್ರಶ್ನೆಯ ಮೇಲೆ ಜೀವ ನಿಂತಿತ್ತು.

ಮತ್ತೆ ನಮ್ಮ ಸೀಮೆಗೆ ಬರೋಣ. ಗೆರೆಗಳು ಇಷ್ಟು ಸುಲಭವಾಗಿ ಮೂಡುವುದಾದರೆ ಇನ್ನೊಂದು ಗೆರೆ ಬಂದಾಗ ಮೊದಲಿನದು ಮಸಕಾಗುವುದೂ ಸಾಧ್ಯ. 1942ರ ಚಳವಳಿಯಲ್ಲಿ ಶಿಕಾರಿಪುರ ತಾಲೂಕಿನ ಈಸೂರು ತನ್ನನ್ನು ತಾನೇ ಸ್ವತಂತ್ರವೆಂದು ಸಾರಿಕೊಂಡಿತು. ಅಲ್ಲಿಯ ಗಲಭೆಯಲ್ಲಿ ಅಮಲ್ದಾರನೂ ಪೊಲೀಸ್ ಅಧಿಕಾರಿಯೂ ಸತ್ತರು. 1943ರ ಮಾರ್ಚದಲ್ಲಿ ಆ ಊರಿನ ಐವರನ್ನು ಮೈಸೂರು ಸರಕಾರ ಗಲ್ಲಿಗೇರಿಸಿತು. ಅದೇ ವರ್ಷ ಏಪ್ರಿಲ್ 1ರಂದು, ಗೆರೆಯ ಈ ಕಡೆ ಹೊಸರಿತ್ತಿಯಲ್ಲಿ, ಮೈಲಾರ ಮಹಾದೇವಪ್ಪನವರು, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಈ ಮೂವರು ಗುಂಡಿಗೆ ಬಲಿಯಾದರು. ಒಂದು ತಿಂಗಳೊಳಗೆ ಎರಡು ಸರಕಾರಗಳ ಕೈಯಿಂದ ಎಂಟು ಜೀವಗಳು ಹೋದವು. ಈಸೂರಿನ ಸುದ್ದಿ ಬಂದ ದಿನ ನಮ್ಮಜ್ಜ ಉಣ್ಣದೆ ಎದ್ದು ಹೋಗಿ “ನಮ್ಮ ಹುಡುಗರನ್ನ ತೂಗಹಾಕಿದ್ರು” ಎಂದನಂತೆ. ಅಜ್ಜಿ ಈ ಮಾತನ್ನು ಎಷ್ಟೋ ವರ್ಷಗಳ ಮೇಲೆಯೂ ಹೇಳುತ್ತಿದ್ದಳು. ತನ್ನ ಸೀಮೆಯವರನ್ನು ಗಂಡ ‘ನಮ್ಮ’ ಎಂದದ್ದು ಅದೇ ಮೊದಲಂತೆ. ಗೋಡೆಯ ಮೇಲಿನ ಮಹಾರಾಜರ ಪಟವನ್ನು ಆ ಮೇಲೆ ಅವಳೇ ಇಳಿಸಿ ಪೆಟ್ಟಿಗೆಯಲ್ಲಿಟ್ಟಳು. ಎಸೆಯಲಿಲ್ಲ, ನಾಲ್ವಡಿಯವರು 1940ರಲ್ಲಿಯೇ ತೀರಿಕೊಂಡಿದ್ದರು, ಅವರ ತಪ್ಪೇನೂ ಇಲ್ಲವೆಂಬುದು ಅವಳ ವಾದ.

ಕನ್ನಡಿಗ ಎಂಬ ‘ನಾವು’ ಕೂಡ ತಾನಾಗಿ ಬೆಳೆದ ಗಿಡವಲ್ಲ. 1818ರಲ್ಲಿ ಪೇಶ್ವೆಯವರ ಆಳಿಕೆ ಮುಗಿದ ಮೇಲೆ ಇಂಗ್ಲಿಷರು ಧಾರವಾಡದ ಪ್ರದೇಶವನ್ನು ‘ದಕ್ಷಿಣ ಮರಾಠಾ ದೇಶ’ ಎಂದೇ ಕರೆಯುತ್ತಿದ್ದರು. ಶಾಲೆಯಲ್ಲಿ ಮರಾಠಿ, ಕಚೇರಿಯಲ್ಲಿ ಮರಾಠಿ. ಕನ್ನಡವು ಮನೆಯ, ಹೊಲದ ಮಾತು. ಬುದ್ಧಿವಂತನಾದವನು ಬಿಟ್ಟುಬಿಡಬೇಕಾದ ಮಾತು ಎಂದು ಮಕ್ಕಳಿಗೆ ಅನಿಸಿದ್ದರೆ ಆಶ್ಚರ್ಯವಿಲ್ಲ. ಪರರು ಇಟ್ಟ ಹೆಸರಿನಿಂದ ತನ್ನನ್ನು ಕರೆದುಕೊಳ್ಳುವವನ ಆತ್ಮಗೌರವ ಎಷ್ಟಿದ್ದೀತು? ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಶಾಲೆಗಳಿಗಾಗಿ ದುಡಿದದ್ದು, 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ್ದು, ಆಲೂರು ವೆಂಕಟರಾಯರು 1917ರಲ್ಲಿ ‘ಕರ್ನಾಟಕ ಗತವೈಭವ’ವನ್ನು ಪ್ರಕಟಿಸಿದ್ದು, ಇವೆಲ್ಲ ಈ ಗಾಯಕ್ಕೆ ಹಚ್ಚಿದ ಔಷಧ. ಆಲೂರರು ಚರಿತ್ರೆ ಬರೆದರೆಂದು ನಾವು ಹೇಳುತ್ತೇವೆ. ನನ್ನ ಮಟ್ಟಿಗೆ ಅವರು ಬರೆದದ್ದು ತಲೆಯೆತ್ತಿ ಉತ್ತರ ಕೊಡಲು ಬರುವಂಥ ಒಂದು ವಿಳಾಸ. ನೀನು ಯಾರ ಪೈಕಿ ಎಂದು ಕೇಳಿದರೆ ಇನ್ನು ಮುಂದೆ ಚಾಲುಕ್ಯರ, ಹಂಪೆಯವರ ಪೈಕಿ ಎನ್ನಬಹುದಾಗಿತ್ತು.

ರೇಡಿಯೋ ಇಟ್ಟುಕೊಂಡವರಿಗೆ ಒಂದು ಮಾತನ್ನು ಇಲ್ಲಿ ಸೇರಿಸುವುದು ತಪ್ಪಾಗಲಾರದು. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ‘ಆಕಾಶವಾಣಿ’ಯನ್ನು ಪ್ರಾರಂಭಿಸಿದ ಎಂ. ವಿ. ಗೋಪಾಲಸ್ವಾಮಿಯವರು ವೃತ್ತಿಯಿಂದ ಮಾನಸಶಾಸ್ತ್ರದ ಪ್ರಾಧ್ಯಾಪಕರು. 1950ರ ಜನವರಿ 8ರಂದು ಧಾರವಾಡ ಕೇಂದ್ರ ಪ್ರಾರಂಭವಾಯಿತು. ಅಂದಿನಿಂದ ಒಂದೇ ಪೆಟ್ಟಿಗೆಯ ಕಿವಿ ತಿರುವಿದರೆ ಧಾರವಾಡದ ಕನ್ನಡವೂ ಮೈಸೂರಿನ ಕನ್ನಡವೂ ಒಂದೇ ಪಡಸಾಲೆಯಲ್ಲಿ ಕೇಳಿಬರತೊಡಗಿದವು. ಅಜ್ಜಿ ಮೈಸೂರಿನ ಮಾತು ಬಂದಾಗ ಒಲೆಯ ಮುಂದಿನಿಂದ ಎದ್ದು ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದುದನ್ನು ನಾನು ಚಿಕ್ಕವನಿದ್ದಾಗ ಕಂಡಿದ್ದೇನೆ.

ಯಾವ ಗುಂಪಿನಲ್ಲಿ ಹುಟ್ಟಿದೆವೋ ಅದರಲ್ಲಿಯೇ ‘ನಾನು’ ಮುಗಿದುಹೋಗುತ್ತದೆ ಎನ್ನುವವರಿಗೆ ಧಾರವಾಡದಲ್ಲಿಯೇ ಉತ್ತರವಿದೆ. ಬೇಂದ್ರೆಯವರ ಮನೆಮಾತು ಮರಾಠಿ. ಮಾಸ್ತಿಯವರ ಮನೆಮಾತು ತಮಿಳು. ಒಬ್ಬರಿಗೆ 1973ನೆಯ ವರ್ಷದ, ಇನ್ನೊಬ್ಬರಿಗೆ 1983ನೆಯ ವರ್ಷದ ಜ್ಞಾನಪೀಠ ಪ್ರಶಸ್ತಿ ಸಂದದ್ದು ಕನ್ನಡಕ್ಕಾಗಿ. ಅವರು ಮನೆಯ ಮಾತನ್ನು ತೊರೆದವರಲ್ಲ. ಇನ್ನೊಂದು ‘ನಾವು’ ಎಂಬುದನ್ನು ದುಡಿದು ಗಳಿಸಿಕೊಂಡವರು. ಮನಸ್ಸಿನಲ್ಲಿ ಎರಡಕ್ಕೂ ಜಾಗವಿರುತ್ತದೆ. ಒಂದನ್ನು ಹೊರಗೆ ಹಾಕಿದರೇ ಇನ್ನೊಂದಕ್ಕೆ ಜಾಗ ಎಂದು ಯಾರಾದರೂ ಒತ್ತಾಯ ಮಾಡಿದಾಗ ಮಾತ್ರ ಕಷ್ಟ ಪ್ರಾರಂಭವಾಗುತ್ತದೆ.

ಇಷ್ಟು ಹೇಳಿ ನಿಲ್ಲಿಸಿದರೆ ನಾನು ಅರ್ಧ ಸತ್ಯವನ್ನು ಹೇಳಿದಂತಾಗುತ್ತದೆ. ‘ಯಾರ ಪೈಕಿ’ ಎಂಬ ಪ್ರಶ್ನೆ ಎಲ್ಲರಿಗೂ ಒಂದೇ ಅಲ್ಲ. ಶಾಲೆಯಲ್ಲಿ ನನ್ನ ಜೊತೆಗೆ ಕೇರಿಯ ಹುಡುಗನೊಬ್ಬನಿದ್ದ. ಲೆಕ್ಕದಲ್ಲಿ ನನಗಿಂತ ಬಹಳ ಮುಂದೆ. ಒಂದು ಸಲ ಇಬ್ಬರೂ ಪಕ್ಕದೂರಿನ ಜಾತ್ರೆಗೆ ನಡೆದು ಹೋದೆವು. ದಾರಿಯಲ್ಲಿ ನೀರಡಿಸಿ ಒಂದು ಮನೆಯ ಮುಂದೆ ನಿಂತೆವು. “ಯಾರ ಪೈಕಿ ತಮ್ಮಾ?” ಎಂದು ಆ ಮನೆಯ ಮುದುಕಿ ಅಕ್ಕರೆಯಿಂದಲೇ ಕೇಳಿದಳು. ನಾನು ಎದೆಯುಬ್ಬಿಸಿ ಮನೆತನದ ಹೆಸರು ಹೇಳಿದೆ. ಅವನು ತನ್ನ ಅಪ್ಪನ ಹೆಸರಷ್ಟನ್ನೇ ಹೇಳಿ, ನೆಲ ನೋಡಿದ. ಮುದುಕಿಗೆ ತಿಳಿಯಿತು. ನನ್ನ ಕೈಗೆ ತಂಬಿಗೆ ಬಂದಿತು. ಅವನ ಬೊಗಸೆಗೆ ಮೇಲಿನಿಂದ ನೀರು ಬಂದಿತು. ಅವನು ಕುಡಿಯಲಿಲ್ಲ, ಮುಖ ತೊಳೆದುಕೊಂಡ. ದಾರಿಯುದ್ದಕ್ಕೂ ಅವನು ಮಾತಾಡಲಿಲ್ಲ, ನಾನೂ ಆಡಲಿಲ್ಲ. ಒಂದೇ ಪ್ರಶ್ನೆ ಇಬ್ಬರೊಳಗೆ ಎರಡು ಬೇರೆ ‘ನಾನು’ಗಳನ್ನು ಕಟ್ಟುತ್ತಿತ್ತು. ನನಗೆ ಅದು ಗೊತ್ತಾಗಲು ಎಷ್ಟೋ ವರ್ಷ ಹಿಡಿಯಿತು. ಅವನಿಗೆ ಅದು ಅದಕ್ಕೂ ಮೊದಲೇ ಗೊತ್ತಿತ್ತು.

ಗುಂಪಿನ ಬೆಲೆಯೇ ಮನುಷ್ಯನ ಸ್ವಂತ ಬೆಲೆಯ ಒಂದು ಪಾಲಾಗುತ್ತದೆ, ಆದ್ದರಿಂದಲೇ ಪ್ರತಿಯೊಬ್ಬನೂ ತನ್ನ ಗುಂಪು ಮೇಲಿರಬೇಕೆಂದು ಬಯಸುತ್ತಾನೆ ಎಂದು ಟಾಜ್ಫೆಲ್ಲನೂ ಅವನ ಜೊತೆಗಾರ ಜಾನ್ ಟರ್ನರನೂ 1979ರಲ್ಲಿ ವಿವರಿಸಿದರು. ಕೆಳಗೆಂದು ಎಣಿಸಲ್ಪಟ್ಟ ಗುಂಪಿನವನು ಏನು ಮಾಡಬೇಕು? ಬಿಟ್ಟು ಹೋಗಲು ದಾರಿಯಿದ್ದರೆ ಕೆಲವರು ಊರು ಬದಲಿಸಿ, ಅಡ್ಡಹೆಸರು ಬದಲಿಸಿ ಒಬ್ಬೊಬ್ಬರೇ ಬಿಟ್ಟು ಹೋಗುತ್ತಾರೆ. ಜಾತಿ ಅಂಥ ಬಾಗಿಲನ್ನು ಸುಲಭವಾಗಿ ತೆರೆಯುವುದಿಲ್ಲ. ಆಗ ಉಳಿಯುವುದು ಎಲ್ಲರೂ ಕೂಡಿ ಗುಂಪಿನ ಅರ್ಥವನ್ನೇ ಬದಲಿಸುವ ದಾರಿ. ಕರ್ನಾಟಕದ ಏಕೀಕರಣಕ್ಕೆ ಹದಿನೆಂಟು ದಿನ ಮುಂಚೆ, 1956ರ ಅಕ್ಟೋಬರ್ 14ರಂದು, ನಾಗಪುರದಲ್ಲಿ ಡಾ. ಅಂಬೇಡ್ಕರರು ಲಕ್ಷಾಂತರ ಜನರೊಡನೆ ಬೌದ್ಧಧರ್ಮವನ್ನು ಸ್ವೀಕರಿಸಿದ್ದು ಈ ದಾರಿ. 1970ರ ದಶಕದಲ್ಲಿ ನಮ್ಮಲ್ಲಿ ದಲಿತ ಸಂಘರ್ಷ ಸಮಿತಿ ಹುಟ್ಟಿತು, ಅದರಲ್ಲಿ ಪ್ರೊ. ಬಿ. ಕೃಷ್ಣಪ್ಪನವರದು ದೊಡ್ಡ ಪಾತ್ರ. ಪರರು ಕರುಣೆಯಿಂದ ಇಟ್ಟ ‘ಹರಿಜನ’ ಎಂಬ ಹೆಸರನ್ನು ಬಿಟ್ಟು, ‘ದಲಿತ’ ಎಂದು ತಾವೇ ಆರಿಸಿಕೊಂಡ ಹೆಸರಿನಿಂದ ಹುಡುಗರು ತಮ್ಮನ್ನು ಕರೆದುಕೊಂಡರು. ನನ್ನ ಗೆಳೆಯನೂ ಕಾಲೇಜಿಗೆ ಹೋದ ಮೇಲೆ ಹಾಗೆ ಕರೆದುಕೊಂಡ. ಮುಂದೆ ಒಮ್ಮೆ ಊರಿಗೆ ಬಂದಾಗ ಕಟ್ಟೆಯ ಮೇಲಿದ್ದ ಒಬ್ಬರು ಅದೇ ಹಳೆಯ ಪ್ರಶ್ನೆಯನ್ನು ಕೇಳಿದರು. ಅವನು ಪೂರ್ತಿ ಉತ್ತರ ಕೊಟ್ಟ, ಗಟ್ಟಿಯಾಗಿ, ಅವರ ಕಣ್ಣು ನೋಡಿ. ಈ ಸಲ ನೆಲ ನೋಡಿದವರು ಕೇಳಿದವರೇ.

ಈ ಪ್ರಶ್ನೆಯನ್ನೇ ಹಿಡಿದು ಬಸವಣ್ಣನವರು ಹನ್ನೆರಡನೆಯ ಶತಮಾನದಲ್ಲಿ ಒಂದು ವಚನ ನುಡಿದಿದ್ದಾರೆ. ನಮ್ಮ ಸೀಮೆಯಲ್ಲಿ ಅದು ಬಾಯಿಪಾಠವಿಲ್ಲದ ಮನೆ ಕಡಿಮೆ. ಬಾಯಿಪಾಠ ಒಪ್ಪಿಸಿ ಮುಗಿಸಿದವರೇ ಎದ್ದು ‘ಯಾರ ಪೈಕಿ’ ಎನ್ನುವುದನ್ನೂ ಕೇಳಿದ್ದೇನೆ.

1956ರ ನವೆಂಬರ್ 1ಕ್ಕೆ ಹಂಸಭಾವಿಯೂ ಶಿಕಾರಿಪುರವೂ ಒಂದೇ ರಾಜ್ಯವಾದವು. ಅದು ಸುಲಭವಾಗಿ ಆಗಲಿಲ್ಲ. 1953ರಲ್ಲಿ ಅದರಗುಂಚಿಯ ಶಂಕರಗೌಡ ಪಾಟೀಲರು ಅದಕ್ಕಾಗಿ ಉಪವಾಸ ಕುಳಿತಿದ್ದರು. ಹಳೆಯ ಮೈಸೂರಿನ ಕೆಲವರು ಎರಡು ಕನ್ನಡ ರಾಜ್ಯಗಳಿದ್ದರೆ ತಪ್ಪೇನೆಂದು ಕೇಳಿದ್ದರು. ಒಂದಾದ ಮೇಲೆಯೂ ಹೆಸರು ಮೈಸೂರು ಎಂದೇ ಉಳಿದದ್ದು ನಮ್ಮ ಕಡೆಯವರಿಗೆ ಚುಚ್ಚುತ್ತಿತ್ತು. ಇನ್ನು ಮನುಷ್ಯರ ಹೆಸರುಗಳದೊಂದು ಪ್ರಸಂಗ. ನಮ್ಮಲ್ಲಿ ತನ್ನ ಹೆಸರು ಮೊದಲು, ತಂದೆಯದು ಆಮೇಲೆ, ಅಡ್ಡಹೆಸರು ಕೊನೆಗೆ: ದತ್ತಾತ್ರೇಯ ರಾಮಚಂದ್ರ ಬೇಂದ್ರೆ. ಅವರಲ್ಲಿ ಊರು ಮೊದಲು, ತಂದೆ ಆಮೇಲೆ, ತಾನು ಕೊನೆಗೆ: ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ. ನಮ್ಮ ತಂದೆ ನೌಕರಿಯ ಮೇಲೆ ಆ ಕಡೆಗೆ ಹೋದಾಗ ಒಬ್ಬ ಗುಮಾಸ್ತರು ಅವರ ಅಡ್ಡಹೆಸರನ್ನು ಹಿಡಿದು ತಲೆಕೆಳಗು ಮಾಡಿ ಎರಡು ಇನಿಶಿಯಲ್ಲುಗಳನ್ನು ಮುಂದೆ ಕೂಡಿಸಿದರು. ಪಗಾರದ ಪುಸ್ತಕದಲ್ಲಿ ತನ್ನ ಹೆಸರನ್ನು ಓದಿ “ಇಂವ ಯಾರೋ ಬ್ಯಾರೇನ ಇದ್ದಾನ” ಎಂದು ಅವರು ಮನೆಗೆ ಬಂದು ನಕ್ಕರು. ಆದರೆ ಆ ರಾತ್ರಿ ತಿದ್ದುಪಡಿಗಾಗಿ ಅರ್ಜಿ ಬರೆಯುತ್ತ ಕುಳಿತಿದ್ದರು. 1961ರ ಕಾಯಿದೆಯಿಂದ ವಂಶಪಾರಂಪರ್ಯದ ಗೌಡಕಿ, ಕುಲಕರ್ಣಿತನ ಹೋದವು. ಪಾಟೀಲ, ಕುಲಕರ್ಣಿ ಎಂಬ ಅಡ್ಡಹೆಸರುಗಳು ಎಲ್ಲಿಯೂ ಹೋಗಲಿಲ್ಲ.

ಅಜ್ಜಿಯ ವಿಷಯದಲ್ಲಿ ಒಂದು ಸಣ್ಣ ಸಂಗತಿ ಉಳಿದಿದೆ. 1960ರ ಸುಮಾರಿಗೆ ತವರಿನ ಮದುವೆಯೊಂದರಲ್ಲಿ ಅಡಿಗೆಯ ವಿಚಾರ ನಡೆದಿತ್ತಂತೆ. ಅಜ್ಜಿ “ನಮ್ಮಲ್ಲಿ ರೊಟ್ಟಿ ಇಲ್ದೆ ಪಂಕ್ತಿ ಕೂಡಂಗಿಲ್ಲ” ಎಂದಳು. ಅವಳ ತಮ್ಮ ಕೈಯಲ್ಲಿದ್ದ ತಟ್ಟೆಯನ್ನು ಹಾಗೆಯೇ ಹಿಡಿದು, “ಅಕ್ಕ, ನಮ್ಮಲ್ಲಿ ಅಂದ್ರೆ ಎಲ್ಲಿ?” ಎಂದು ಕೇಳಿದನಂತೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಸೆರಗಿನಿಂದ ಕೈ ಒರಸಿಕೊಂಡು, ಬಡಿಸಲು ಹೋದಳಂತೆ.

1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾಯಿತು. ಅಂದು ರೇಡಿಯೋದ ಮುಂದೆ ಮನೆಮಂದಿಯೆಲ್ಲ ಕೂಡಿದ್ದೆವು. ಸುದ್ದಿ ಮುಗಿದ ಮೇಲೆ ಅಜ್ಜಿ ಬಾಗಿಲಿನಲ್ಲಿ ನಿಂತು, ಅಜ್ಜನನ್ನು ನೇರವಾಗಿ ಕೇಳುವ ರೂಢಿಯಿಲ್ಲದ್ದರಿಂದ ನನ್ನ ಕಡೆಗೆ ತಿರುಗಿ, “ಇನ್ನ ಮೈಸೂರು ಅಂಬೋ ರಾಜ್ಯನೇ ಇಲ್ಲಂತೆ. ಹಂಗಾದ್ರೆ ಇನ್ಮೇಲೆ ನನ್ನ ಏನಂತ ಕರೀತಾರೆ, ಕೇಳಪ್ಪಾ” ಎಂದಳು. ಅಜ್ಜ ಎಲೆಗೆ ಸುಣ್ಣ ಹಚ್ಚುತ್ತ, ತಲೆಯೆತ್ತದೆ, “ಮೈಸೂರಾಕಿಗೆ ಒಂದೀಟು ಚಾ ಮಾಡಂತ ಹೇಳು” ಎಂದ.